ತಮ್ಮಯ್ಯನಿಗೆ ಒಂದೇ ಕಾಂಗರೂ ಸಾಕಿತ್ತು

ಪಾಲಹಳ್ಳಿಯ ತಮ್ಮಯ್ಯ ಆಸ್ಟ್ರೇಲಿಯಾ ನೋಡದೆಯೇ ಹೋದ. ಹೊರಡಲು ಇನ್ನೂ ಒಂದು ವಾರವಿತ್ತು. ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದವನ ಎದೆಬಡಿತ ನಿಂತಿತು. ಆದರೆ ಆ ಪ್ರಯಾಣ ಹೇಗಿರಬೇಕೆಂಬ ಜಗಳವನ್ನು ಅವನು ಗೆದ್ದೇ ಹೋದ. ಅಷ್ಟನ್ನಾದರೂ ಹೇಳಬೇಕು.

ಹೇಮಗಿರಿ ದನದ ಜಾತ್ರೆಯಲ್ಲಿ ಆಯುಸ್ಸೆಲ್ಲ ದಲ್ಲಾಳಿಯಾಗಿದ್ದವನು ಅವನು. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುತ್ತಿದ್ದ. ಈಚೆಗೆ ಎದೆ ಸೋತು, ನಾಲ್ಕು ಹೆಜ್ಜೆಗೇ ಏದುಸಿರು.

ಅಡಿಲೇಡಿನಲ್ಲಿ ನರ್ಸಾಗಿರುವ ಮಗಳು ಅನು ಅಪ್ಪ ಅಮ್ಮನನ್ನು ಕರೆಸಿಕೊಂಡು, ಮನೆಮಂದಿಯೆಲ್ಲ ಅಲ್ಲಿನ ವನ್ಯಜೀವಿ ಪಾರ್ಕಿಗೆ ಹೋಗುವುದೆಂದು ಗೊತ್ತುಮಾಡಿದ್ದಳು. ವಿಡಿಯೋ ಕಾಲಿನಲ್ಲಿ ಹೇಳಿದಳು:

"ಅಪ್ಪಾ, ಅಲ್ಲಿ ವೀಲ್‌ಚೇರ್ ಕೊಡ್ತಾರೆ. ನೀನು ಕುಂತ್ಕೊ, ನಮ್ಮನೆಯವ್ರು ತಳ್ತಾರೆ. ಕಾಂಗರೂ, ಕೊವಾಲ, ಈಮು, ಎಲ್ಲಾ ನೋಡ್ಬೋದು."

"ಅಳಿಯನ ಕೈಲಿ ತಳ್ಳಿಸ್ಕಳಾಕೆ ನಾನೇನು ಕಳ್ಳೆಕಾಯಿ ಗಾಡಿಯೇನಮ್ಮಿ?"

"ಜಂಬ ನೋಡು ಇವ್ರುದು," ಎಂದಳು ಹೆಂಡತಿ ಪಾರ್ವತಮ್ಮ. "ಮನೆ ಇಂದ್ಲ ಇತ್ಲಿಗೋಗಿ ಬರೋಷ್ಟ್ರಲ್ಲಿ ಬಾಯ್ ಬುಡ್ತಾರೆ."

ಅನುವೂ ಅವನ ಮಗಳೇ, ಬಗ್ಗಲಿಲ್ಲ. "ಕುರ್ಚೀಲಿ ಕೂರಲ್ಲ ಅಂದ್ರೆ ಮನೇಲಿರು. ನಾವ್ ಹೋಗ್ಬರ್ತೀವಿ."

ಆ ಮಾತು ತಮ್ಮಯ್ಯನಿಗೆ ನಾಟಿತು. ಅಂದು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಮನೆ ಕಾಯುವುದಕ್ಕೆ ಅಷ್ಟು ದೂರ ಹಾರಿ ಹೋಗಬೇಕೇ? ಮರುದಿನ ತಾನೇ ಫೋನು ಹಚ್ಚಿದ.

"ಗೇಟಿಗೆ ಅತ್ರ ಇರೋ ಪ್ರಾಣಿ ಯಾವ್ದಮ್ಮಿ?"

"ಕಾಂಗರೂ. ಯಾಕಪ್ಪಾ?"

"ನಂಗೆ ಅದೊಂದೇ ಸಾಕು. ಮಿಕ್ಕಿದ್ದ ನೀವು ಸುತ್ಕಂಡು ಬನ್ನಿ."

"ಅಷ್ಟು ದೂರ ಬಂದು ಒಂದೇನಾ?"

"ಜಾತ್ರೇಲಿ ನಾನು ಎಲ್ಲಾ ದನಾನೂ ನೋಡ್ತಿದ್ನಾ? ಒಂದು ಜೊತೆ ಮುಂದೆ ನಿಂತ್ರೆ ಬೈಗಿನವರ್ಗೂ ಅಲ್ಲೇ. ಮೈಮೇಲಿನ ಸುಳಿ ನೋಡ್ಬೇಕು, ಗೊರಸು ನೋಡ್ಬೇಕು, ಎಂಗೆ ಮೇಯ್ತದೆ ನೋಡ್ಬೇಕು. ಆ ಕಾಂಗರೂಗಂಟ ನಡ್ಕಂಡೇ ಓಯ್ತೀನಿ. ಸುಸ್ತಾದ್ರೆ ನಿಂತ್ಕತೀನಿ. ನಿಂತ್ಕಳಾದು ನಂಗೇನು ಒಸ್ದಾ?"

"ಅದಕ್ಕೆ ಗೊರಸಿಲ್ಲ ಕಣಪ್ಪಾ, ಪಂಜ ಇರೋದು."

"ಅಂಗಾರೆ ನೋಡ್ಲೇಬೇಕು!"

ಅನು ನಕ್ಕುಬಿಟ್ಟಳು. "ಆಯ್ತು. ಕುರ್ಚಿ ಬೇಡ ಬಿಡು. ನಿನ್ ಜೊತೆ ನಾನೂ ನಿಂತ್ಕೋತೀನಿ."

ಪಾರ್ವತಮ್ಮನಿಗೆ ಮಾತ್ರ ಸಮಾಧಾನವಿಲ್ಲ. "ನಿಂತ್ಕಂಡು ಸುಮ್ಕಿರೋರಾ ಇವ್ರು? ಎತ್ತಿಗೆ ನೋಡ್ದಂಗೆ ಅದ್ರ ಬಾಯಿ ಬುಡ್ಸಿ ಅಲ್ಲು ನೋಡಾಕೋಗಿ ಒದಿಸ್ಕತಾರೆ."

"ಒದೀಲಿ ಬುಡೇ," ಎಂದ ತಮ್ಮಯ್ಯ. "ಜೀವ ಗಟ್ಟಿ ಇರೋದು ಒದ್ದೇ ಒದೀತದೆ."