ಅಕ್ಕನ ವರಾಂಡದ ಹಲಗೆಗಳು

ಕಳೆದ ಫೆಬ್ರವರಿಯ ಎರಡನೇ ಸೋಮವಾರ, ದಾಂಡೇಲಿಯಲ್ಲಿ ನನ್ನ ಅಕ್ಕ ಕಟ್ಟಿಸುತ್ತಿದ್ದ ಮನೆಯ ಗೇಟಿನ ಹೊರಗೆ ಪೇರಿಸಿಟ್ಟಿದ್ದ ಪ್ಲಾಸ್ಟಿಕ್ ಸೆಂಟ್ರಿಂಗ್ ಹಲಗೆಗಳು ಮಧ್ಯಾಹ್ನದೊಳಗೆ ಖಾಲಿಯಾದವು. ಕಳ್ಳತನವಾಗಿರಲಿಲ್ಲ. ಒಯ್ದವರು ಹಾಡಹಗಲೇ, ಗೌಂಡಿಯ ಜತೆ ಮಾತಾಡುತ್ತ, ಅವನು ಕೊಟ್ಟ ಎಲೆಅಡಿಕೆ ಹಾಕಿಕೊಂಡು ಒಯ್ದಿದ್ದರು.

ಭಾವ ಪೇಪರ್ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ಮದುವೆಯಾದಾಗಿನಿಂದ ಅಕ್ಕ ಇದ್ದದ್ದು ಕ್ವಾರ್ಟರ್ಸ್‌ನಲ್ಲಿ. ಅಲ್ಲಿ ಬಾಗಿಲು ತೆರೆದರೆ ನೇರ ರಸ್ತೆ. ಸಂಜೆ ಕೂತು ಕಾಳು ಹಸನು ಮಾಡಲು, ಬಂದವರಿಗೆ ಚಹಾ ಕೊಡಲು ಜಾಗವಿರಲಿಲ್ಲ. ಸ್ವಂತ ಮನೆಗೆ ಅವಳ ಬೇಡಿಕೆ ಒಂದೇ: ಮುಂದೊಂದು ವರಾಂಡ. ಸ್ಲ್ಯಾಬಿಗೆ ಅಡಿಯಿಂದ ಆಸರೆ ಕೊಡುವ ಸೆಂಟ್ರಿಂಗಿಗೆ ಬೇಕಾದ ಕಟ್ಟಿಗೆ ಮತ್ತು ಪ್ಲೈವುಡ್‌ನ ರೇಟು ಕೇಳಿಬಂದ ದಿನ ಭಾವ ನಕಾಶೆಯಿಂದ ಮೊದಲು ಹೊಡೆದುಹಾಕಿದ್ದು ಅದನ್ನೇ.

“ಮನಿ ಮೊದ್ಲ ಆಗ್ಲಿ. ವರಾಂಡ ಆಮ್ಯಾಲ ನೋಡೂಣು.”

“ನಿಮ್ಮ ಆಮ್ಯಾಲ ನಂಗ ಗೊತ್ತೈತಿ. ಮಿಕ್ಸರ್ ತರೂದೂ ಆಮ್ಯಾಲ ಅಂದಿದ್ರಿ. ಇನ್ನೂ ಒಳಕಲ್ಲ ತಿರುವಾಕತ್ತೇನಿ.”

ವರಾಂಡವನ್ನು ಉಳಿಸಿದವನು ಮುಂಡಗೋಡದ ಒಬ್ಬ ಗುತ್ತಿಗೆದಾರ. ಟಿಬೆಟನ್ ಕಾಲೊನಿಯಲ್ಲಿ ಗೋವಿನಜೋಳದ ಗೋದಾಮಿಗೆ ಬಳಸಿ ಮುಗಿದಿದ್ದ ಪ್ಲಾಸ್ಟಿಕ್ ಹಲಗೆಗಳನ್ನು ಅವನು ಬಾಡಿಗೆಗೆ ಕೊಡುತ್ತಿದ್ದ. ಮೊಳೆ ಬೇಡ, ಹಿಡಿಕೆ ತಿರುವಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬಿಚ್ಚಿ ತೊಳೆದರೆ ಮತ್ತೆ ಹೊಸವು. ಮೊದಲು ಮನೆಯ ಸ್ಲ್ಯಾಬ್ ಹಾಕಿ, ಅವೇ ಹಲಗೆಗಳಿಂದ ವರಾಂಡದ್ದೂ ಮುಗಿಸಬಹುದು ಎಂದ. ಆದರೆ ಯುಗಾದಿಯೊಳಗೆ ಸೆಟ್ಟು ಜೋಯಿಡಾಕ್ಕೆ ಹೋಗಬೇಕು.

ಹಳಿಯಾಳದಿಂದ ಬಂದ ಗೌಂಡಿ ಹಲಗೆಯೊಂದನ್ನು ಬೆರಳಿನಿಂದ ತಟ್ಟಿ ನೋಡಿದ. “ಇದರಾಗ ಸ್ಲ್ಯಾಬ್ ಹಾಕೂದೋ, ಮೀನ ಮಾರೂದೋ?”

ಸ್ಲ್ಯಾಬ್ ಗಟ್ಟಿಯಾಗಿ ಹಲಗೆ ಬಿಚ್ಚುವಾಗ ಅದೇ ಗೌಂಡಿ ಕತ್ತೆತ್ತಿ, “ಇದನ್ನ ನೋಡಿ ಕ್ರಾಪ್ ತೀಡ್ಕೋಬಹುದ್ರಿ” ಎಂದ. ಛತ್ತು ಅಷ್ಟು ನುಣುಪಾಗಿತ್ತು.

ಅವನ ಮಾತು ಬದಲಾಗಿತ್ತು, ಕೈ ಬದಲಾಗಿರಲಿಲ್ಲ. ಅಕ್ಕನ ಹೊಸ ಮನೆಯ ಓಣಿಯಲ್ಲಿ ಸ್ಲ್ಯಾಬ್ ಹಾಕುವ ದಿನ ಎಲ್ಲ ಮನೆಯವರೂ ಬಂದು ಕಾಂಕ್ರೀಟಿನ ಬುಟ್ಟಿ ಹೊರುತ್ತಾರೆ. ಬಿಚ್ಚಿದ ಕಟ್ಟಿಗೆಯನ್ನು ಗೌಂಡಿ ಗೇಟಿನ ಹೊರಗಿಡುತ್ತಾನೆ. ಹೊರಗಿಟ್ಟದ್ದು ಬುಟ್ಟಿ ಹೊತ್ತವರ ಪಾಲು, ಅವರ ಬಚ್ಚಲೊಲೆಗೆ. ಯಾರೂ ಕೇಳುವುದಿಲ್ಲ, ಯಾರೂ ಬೇಡವೆನ್ನುವುದಿಲ್ಲ. ಅಂದು ಗೌಂಡಿ ರೂಢಿಯಂತೆ ಪ್ಲಾಸ್ಟಿಕ್ ಹಲಗೆಗಳನ್ನೂ ಹೊರಗಿಟ್ಟ. ಇದನ್ನು ಉರಿಸುವುದು ಹೇಗೆಂದು ಓಣಿ ಸ್ವಲ್ಪ ಚರ್ಚಿಸಿತಂತೆ. ಆದರೂ ತನ್ನ ಪಾಲು ಬಿಡಲಿಲ್ಲ.

ಟೈಲ್ಸ್ ನೋಡಲು ಹೋಗಿದ್ದ ಅಕ್ಕ ಬಂದಾಗ ನಾನೂ ಜೊತೆಗಿದ್ದೆ.

“ಹಲಗಿ ಎಲ್ಲೆ ಅದಾವು?”

“ಹಂಚಿಹೋದುವ್ರಿ ಅಕ್ಕಾರ,” ಎಂದ ಗೌಂಡಿ. “ಪದ್ಧತಿ ಪ್ರಕಾರ.”

ವರಾಂಡದ ಕಾಂಕ್ರೀಟಿಗೆ ಗುರುವಾರ ಮಿಕ್ಸರ್ ಯಂತ್ರ ಬರುವುದಿತ್ತು. ನಾನು ಪತ್ರಿಕೆಯೊಂದರ ವರದಿಗಾರ. ಅಕ್ಕ ನನ್ನ ಕಡೆ ತಿರುಗಿದಳು. “ಏ ತಮ್ಮಾ, ಪೇಪರಿನ್ಯಾಗ ಹಾಕ್ತೀಯೇನ ಇದನ್ನ?”

“ಸುದ್ದಿ ಇನ್ನೂ ಖಚಿತ ಆಗಿಲ್ಲ.”

“ಹಂಗಾರ ಖಚಿತ ಮಾಡೂಣು ನಡಿ.”

ಮೊದಲ ಮನೆಯಲ್ಲಿ ಹಲಗೆಗಳ ಮೇಲೆ ಹಪ್ಪಳ ಒಣಗುತ್ತಿದ್ದವು. ಅವು ಒಣಗುವವರೆಗೆ ನಾವು ಕಾದೆವು. ಸಾಂಬ್ರಾಣಿ ಎಂಬ ಊರಿನಿಂದ ಬಂದು ನೆಲೆಸಿದ್ದ ಸಿದ್ದಿ ಅಜ್ಜ ತನ್ನ ಪಾಲಿನ ಹಲಗೆಯನ್ನು ಕೋಳಿಗೂಡಿಗೆ ಬಾಗಿಲು ಮಾಡಿದ್ದ. ಕೊಟ್ಟದ್ದನ್ನು ವಾಪಸು ಕೇಳುವುದು ಹೇಗೆ? ಅಕ್ಕ ಕೇಳಲಿಲ್ಲ. “ಇದ್ರಿಂದ ವರಾಂಡ ಆಗ್ತೈತಿ ಅಜ್ಜಾ. ಆದಮ್ಯಾಲ ಸಂಜಿ ಚಾ ಅಲ್ಲೇ,” ಎಂದಳು.

“ಚಾಕ್ಕ ಸಕ್ರಿ ಜಾಸ್ತಿ ಇರ್ಲಿ,” ಎಂದು ಅಜ್ಜ ಬಾಗಿಲು ಬಿಚ್ಚಿಕೊಟ್ಟ. ಕೋಳಿಗಳು ಹೊರಬಿದ್ದವು. ಅವನ್ನು ಹಿಡಿಯುವುದು ನನ್ನ ಪಾಲಿಗೆ ಬಂತು.

ಚಹಾದ ಆ ಮಾತಿನ ಮೇಲೆ ಓಣಿಯ ಹಲಗೆಗಳೆಲ್ಲ ಬಂದವು, ಪಕ್ಕದ ಮನೆಯ ಮಾವಶಿಯದೊಂದು ಬಿಟ್ಟು. ಬೆಳಗಾವಿ ಕಡೆಯ ಮಾವಶಿ, ಎಂದರೆ ಓಣಿಗೆಲ್ಲ ಚಿಕ್ಕಮ್ಮ, ಅದನ್ನು ನೀರಿನ ಬ್ಯಾರಲ್ಲಿಗೆ ಮುಚ್ಚಿದ್ದರು.

“ಮಂಗ್ಯಾಗಳು ಬಂದು ನೀರ ಕುಡದು, ಜಳಕಾನೂ ಮಾಡಿ ಹೋಗ್ತಿದ್ವು. ಈಗ ನೋಡು, ಅಳತಿ ತಗೊಂಡು ಮಾಡ್ಸಿಧಂಗ ಕುಂತೈತಿ.”

“ಚಾ...” ಎಂದು ಅಕ್ಕ ಶುರುಮಾಡಿದಳು.

“ನಿನ್ನ ಸ್ಲ್ಯಾಬಿಗೆ ದಿನಾ ಹೊಡದದ್ದು ಇದರಾಗಿನ ನೀರ, ಬಾಳಾ,” ಎಂದರು ಮಾವಶಿ, ಮಗಳನ್ನು ಕರೆಯುವಂತೆ.

ಅದು ನಿಜ. ಅಕ್ಕ ಚಹಾದ ಮಾತು ಅಲ್ಲಿಗೇ ನಿಲ್ಲಿಸಿ ಹೊರಬಂದಳು. ಬುಧವಾರ ಹಲಗೆ ಜೋಡಿಸಿದಾಗ ನಡುವೆ ಒಂದು ಚೌಕ ಆಕಾಶ ಉಳಿಯಿತು. ಅಕ್ಕ ಅದರ ಕೆಳಗೆ ನಿಂತು ನೋಡಿದಳು. ಭಾವ ಬಾಯಿ ತೆರೆದರು.

“ಆಮ್ಯಾಲ ಅಂದ್ರ ನೋಡ್ರಿ ಮತ್ತ,” ಎಂದಳು.

ಅಷ್ಟರಲ್ಲಿ ಮಾವಶಿ ಸಾಗವಾನಿ ಕಟ್ಟಿಗೆಯ ಫಳಿಯೊಂದನ್ನು ಹೊತ್ತು ಬಂದರು. ತಮ್ಮ ಮನೆ ಕಟ್ಟಿದಾಗಿನ ಸೆಂಟ್ರಿಂಗಿನದು, ಅಷ್ಟು ವರ್ಷವೂ ಊಟಕ್ಕೆ ಕೂರುವ ಮಣೆಯಾಗಿತ್ತು. “ಹಾಕ್ರಿ ಇದನ್ನ. ಇದು ಬಾಡಗಿ ಕೇಳೂದಿಲ್ಲ.” ಗೌಂಡಿ ಅಳತೆಗೆ ಕೊಯ್ದು, ಖುಷಿಯಿಂದ ಮೊಳೆ ಹೊಡೆದ. ಗುತ್ತಿಗೆದಾರನಿಗೆ ಭಾವ ಒಂದು ಹಲಗೆಯ ಬೆಲೆ ಕೊಟ್ಟರು. ಆ ಖರ್ಚಿಗಾಗಿ ನಕಾಶೆಯಿಂದ ಈ ಸಲ ಹೊಡೆದುಹಾಕಿದ್ದು ತಮ್ಮ ಶೇವಿಂಗ್ ಕನ್ನಡಿಯ ಗೂಡನ್ನು.

ಗುರುವಾರ ಕಾಂಕ್ರೀಟ್ ಬಿತ್ತು. ಯುಗಾದಿಗೆ ಮೊದಲೇ ಸೆಟ್ಟು ಜೋಯಿಡಾಕ್ಕೆ ಹೋಯಿತು. ಈಗ ಕ್ಯಾಸಲ್‌ರಾಕ್‌ನಲ್ಲಿದೆ ಎಂದು ಗುತ್ತಿಗೆದಾರ ಹೇಳುತ್ತಾನೆ. ವರಾಂಡದ ಛತ್ತು ನುಣುಪಾಗಿದೆ, ಮರದ ಗೆರೆಗಳು ಮೂಡಿರುವ ಒಂದು ಚೌಕ ಬಿಟ್ಟು. ಸಂಜೆ ಚಹಾಕ್ಕೆ ಬಂದರೆ ಮಾವಶಿ ಅದರ ಕೆಳಗೇ ಕೂರುತ್ತಾರೆ. ಬ್ಯಾರಲ್ಲಿನ ಮುಚ್ಚಳ ಬ್ಯಾರಲ್ಲಿನ ಮೇಲಿದೆ.