ಒಲೆಯ ಮೂರನೆಯ ಕಲ್ಲು

ನಮ್ಮ ಸೋದರಮಾವ ಮುನಿಶಾಮಪ್ಪ ಮೊದಲು ಬಂಗಾರಪೇಟೆ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುತ್ತಿದ್ದರು. "ನಿಂತ್ಕಳೇ" ಎಂದರೆ ಸಾಕು, ಅವರ ಕುದುರೆ ಎಂಥ ಇಳಿಜಾರಿನಲ್ಲೂ ನಿಂತುಬಿಡುತ್ತಿತ್ತು. ಅದು ಸತ್ತ ಮೇಲೆ, ಸಾವಿರದ ಒಂಬೈನೂರ ಐವತ್ತೆಂಟರಲ್ಲಿ, ಮಾವ ಹೊಸ ಕಾರು ತಂದು ಟ್ಯಾಕ್ಸಿಗೆ ಬಿಟ್ಟರು. ಕಾರಿಗೆ ಕಿವಿ ಇರಲಿಲ್ಲ.

ತಿರುವು ಬಂದರೆ ಅದರ ಹಿಂದಿನ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಮಾವ ಹಗ್ಗ ಬಿಗಿದು ಕಟ್ಟಿದ್ದರು. ಏರು ಬಂದರೆ ನೀರು ಕುದಿಯುತ್ತಿತ್ತು. ಅವನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಹ್ಯಾಂಡ್ ಬ್ರೇಕು. ಎಳೆದಾಗ ಕಟಕಟ ಎಂದು ಹಿಡಿಯುತ್ತಿತ್ತು, ಸ್ವಲ್ಪ ಹೊತ್ತಾದ ಮೇಲೆ ಸದ್ದಿಲ್ಲದೆ ಜಾರುತ್ತಿತ್ತು. ಗೇರಿಗೆ ಹಾಕಿ ನಿಲ್ಲಿಸಿದರೆ ಗೇರೂ ಕಳಚಿಕೊಳ್ಳುತ್ತಿತ್ತು. ಬೆಂಗಳೂರಿನ ಗ್ಯಾರೇಜಿಗೆ ಅಲೆದು ಅಲೆದು ಮಾವ ಸುಸ್ತಾದರು. ಬಿಳಿ ಷರಟಿನ ಮ್ಯಾನೇಜರು ಪ್ರತಿ ಸಲವೂ ನಗುತ್ತ, "ಹೊಸ ಗಾಡಿ ಹಾಗೇನೇ ಯಜಮಾನ್ರೇ, ಓಡ್ತಾ ಓಡ್ತಾ ಸರಿಹೋಗುತ್ತೆ" ಎನ್ನುತ್ತಿದ್ದ. ಆ ನಗುವನ್ನು ನಾನೂ ಒಮ್ಮೆ ನೋಡಿದ್ದೇನೆ. ಕಪಾಳಕ್ಕೆ ಬಿಗಿಯುವಂತಿತ್ತು.

ಚಿನ್ನದ ಗಣಿಯ ಊರಾದ ಕೋರಮಂಡಲಿನಲ್ಲಿ ಟ್ಯಾಕ್ಸಿ ನಿಲ್ಲಿಸುವ ಜಾಗವೇ ಇಳಿಜಾರು. ಅಲ್ಲಿ ಹೊಂಗೆಮರದ ಕೆಳಗೆ ಕದಿರಮ್ಮ ಎಂಬಾಕೆ ಕಡಲೆಕಾಯಿ ಬೇಯಿಸಿ ಮಾರುತ್ತಿದ್ದಳು. ಅವಳ ಒಬ್ಬನೇ ಮಗ ಆರುಮುಗಂ ಗಣಿಯೊಳಗೆ ಕೆಲಸಕ್ಕಿದ್ದ. ಮಾವನ ಕಾರು ಬಂದು ನಿಂತ ಕೂಡಲೇ ಅವಳು ಎದ್ದು ಬಂದು ಮುಂದಿನ ಚಕ್ರಕ್ಕೆ ಒಂದು ದಪ್ಪ ಕಲ್ಲನ್ನು ಅಡ್ಡ ಇಡುತ್ತಿದ್ದಳು. "ನಿನ್ ಕಾರಿಗಿಂತ ನನ್ ಕಲ್ಲೇ ವಾಸಿ ಅಣ್ಣಾ" ಎಂದು ಎಲ್ಲರೆದುರಿಗೇ ಹೇಳುವಳು. ಬೇರೆ ಡ್ರೈವರುಗಳು ನಗುವರು. ಮಾವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಅರವತ್ತೆರಡರಲ್ಲಿ ಗ್ಯಾರೇಜಿನವನು ಬ್ರೇಕಿಗೆ ಹೊಸ ತಂತಿ ಹಾಕಿಸಿ, ಇನ್ನು ಆನೆ ಬಂದು ತಳ್ಳಿದರೂ ಅಲ್ಲಾಡುವುದಿಲ್ಲ ಎಂದ. ಬೆಳ್ಳಗಿರುವುದೆಲ್ಲ ಹಾಲೆಂದು ಮಾವ ನಂಬಿದರು. ಮಾರನೆಯ ದಿನ ಕದಿರಮ್ಮ ಕಲ್ಲೆತ್ತಿಕೊಂಡು ಬಂದಾಗ ಕೈ ಅಡ್ಡ ಮಾಡಿದರು.

"ತಗೊಂಡೋಗಮ್ಮಾ ಅದನ್ನ, ನಿನ್ ಒಲೆಗಿಟ್ಕ. ನನ್ ಗಾಡೀಗೆ ಇನ್ ಕಲ್ಲು ಬ್ಯಾಡ."

ಅವಳ ಒಲೆಗೆ ಇದ್ದದ್ದು ಎರಡು ಕಲ್ಲು, ಒಂದು ಮುರುಕು ಇಟ್ಟಿಗೆ. ಮೂರನೆಯ ಕಲ್ಲು ಸಿಕ್ಕಿತಲ್ಲ ಎಂದು ಅವಳಿಗೆ ಖುಷಿಯೇ ಆಯಿತು. ಕಲ್ಲಿಗೆ ಮಸಿ ಹಿಡಿಯಿತು. ಕಾರೂ ಕೆಲವು ದಿನ ಜಾಣನಂತೆ ನಿಂತಿತು.

ಒಂದು ಮಧ್ಯಾಹ್ನ ಗಣಿಯಾಳದಲ್ಲಿ ಬಂಡೆ ಸಿಡಿದು ನೆಲ ನಡುಗಿತು. ಆ ಊರಿನವರಿಗೆ ಅದು ಹೊಸದಲ್ಲ. ಪಾತ್ರೆಗಳು ಗಲಗಲ ಎಂದರೆ ಎಲ್ಲರ ಕಣ್ಣೂ ಗಣಿಬಾಯಿಯ ಕಡೆಗೆ ತಿರುಗುತ್ತದೆ, ಒಳಗೆ ಯಾರ ಮನೆಯವರಿದ್ದಾರೋ ಎಂದು. ಕದಿರಮ್ಮ ಮಗನ ಹೆಸರು ಕೂಗುತ್ತ ಇಳಿಜಾರಿನಲ್ಲಿ ಓಡಿದಳು. ಮಾವನೂ ಅತ್ತಲೇ ನೋಡುತ್ತ ನಿಂತಿದ್ದರು. ಅವರ ಬೆನ್ನ ಹಿಂದೆ ಕಾರು ಹೊರಟದ್ದನ್ನು ಯಾರೂ ನೋಡಲಿಲ್ಲ. ಇಂಜಿನ್ನಿನ ಸದ್ದಿಲ್ಲದೆ ಅದು ಅವಳ ಹಿಂದೆಯೇ ಇಳಿಯಿತು.

ಸಂಜೆಗೆ ಗಣಿಯಲ್ಲಿದ್ದವರೆಲ್ಲ ಜೀವಂತವಾಗಿ ಮೇಲೆ ಬಂದರು. ಆರುಮುಗಂ ತಲೆಯ ಧೂಳು ಕೊಡವಿಕೊಳ್ಳುತ್ತ ಜನರ ನಡುವೆ ಅಮ್ಮನನ್ನು ಹುಡುಕಿದ. ಆ ದಿನ ಸತ್ತವಳು ಅವಳೊಬ್ಬಳೇ. 

ನೆಲ ನಡುಗಿದರೆ ನಾವೇನು ಮಾಡೋಣ ಎಂದ, ಬಿಳಿ ಷರಟಿನವನು.

ಆಮೇಲೆ ಮಾವ ಇಳಿಜಾರಿನಲ್ಲಿ ಕಾರಿನಿಂದ ಇಳಿಯುವುದನ್ನೇ ಬಿಟ್ಟರು. ಎಲ್ಲಿ ನಿಂತರೂ ಬ್ರೇಕಿನ ಮೇಲೆ ಕಾಲು ಒತ್ತಿಕೊಂಡು ಕೂತೇ ಇರುವರು, ಊಟವೂ ಅಲ್ಲೇ. ಮನೆಯಲ್ಲಿ ಮಲಗಿದಾಗಲೂ ಅವರ ಬಲಗಾಲು ಗೋಡೆಯನ್ನು ಒತ್ತುತ್ತಿತ್ತು. ಕಾರು ಮಾರಿಬಿಡಿ ಎಂದು ನಾನು ಹೇಳಿದರೆ, "ತಗೊಂಡೋನಿಗೆ ಇದರ ಬುದ್ಧಿ ಗೊತ್ತಿರಾಕಿಲ್ಲ ಕಣ್ಲಾ. ಇನ್ಯಾರ್ ಮೇಲೆ ಬಿಡ್ಲಿ?" ಎನ್ನುವರು. ಕದಿರಮ್ಮನ ಒಲೆಯಿಂದ ಎತ್ತಿ ತಂದ ಆ ಮಸಿಗಲ್ಲನ್ನು ಗೋಣಿಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದರು. ಚಕ್ರಕ್ಕೆ ಇಡಲು ಮಾತ್ರ ಕೈ ಬರುತ್ತಿರಲಿಲ್ಲ.

ಮೂರು ವರ್ಷದ ಮೇಲೆ ಆರುಮುಗಂ ಹೆಂಡತಿಗೆ ಹೆರಿಗೆ ನೋವು ಬಂತು. ಸಿಕ್ಕಿದ್ದು ಮಾವನ ಕಾರೇ.  ಆಸ್ಪತ್ರೆಯ ಮುಂದಿನ ಇಳಿಜಾರಿನಲ್ಲಿ ಮಾವ ಬ್ರೇಕು ಒತ್ತಿಕೊಂಡೇ ಕೂತರು. ಹೆಂಡತಿಯನ್ನು ಒಳಗೆ ಬಿಟ್ಟು ಬಂದ ಆರುಮುಗಂ ಬಟ್ಟೆಗಂಟು ತೆಗೆಯಲು ಡಿಕ್ಕಿ ಎತ್ತಿದ. ಗೋಣಿ ಬಿಚ್ಚಿಕೊಂಡಿತ್ತು. ಅಮ್ಮನ ಒಲೆಯ ಕಲ್ಲು ಅವನಿಗೆ ಗುರುತು ಸಿಗದಿರುತ್ತದೆಯೇ? ಬಹಳ ಹೊತ್ತು ಅದರ ಮಸಿಯ ಮೇಲೆ ಕೈಯಾಡಿಸಿದ. ಆಮೇಲೆ ಅದನ್ನು ಮುಂದಿನ ಚಕ್ರಕ್ಕೆ ಕೊಟ್ಟು, ಕಾರಿನ ಮುಂದೆಯೇ, ಇಳಿಜಾರಿನ ಕಡೆಗೆ ನಿಂತುಕೊಂಡ.

"ಮುಂದೆ ನಿಂತ್ಕಬ್ಯಾಡ ಕಣಪ್ಪಾ, ಈ ಕಡೆ ಬಾ!" ಮಾವ ಕೂಗಿದರು.

"ಕಾಲು ತೆಗಿ ಮಾಮಾ," ಎಂದ ಆರುಮುಗಂ. ತಾಯಿ ಅಣ್ಣಾ ಎಂದು ಕರೆದವರು ಅವನಿಗೂ ಮಾವನೇ ತಾನೆ. "ಅಮ್ಮ ಇಡ್ಕಂಡವ್ಳೆ. ತೆಗಿ."

ಅವನು ಕದಲಲಿಲ್ಲ. ಮಾವ ಕಣ್ಣು ಮುಚ್ಚಿ ಕಾಲು ಎತ್ತಿದರು. ಕಾರು ಅಲುಗಲಿಲ್ಲ. ಒಳಗಿನಿಂದ ಮಗು ಅಳುವ ಸದ್ದು ಕೇಳಿ, ಗಂಡೋ ಹೆಣ್ಣೋ ಎಂದು ಆರುಮುಗಂ ಓಡಿಹೋದ.

ಅವನು ತಿರುಗಿ ಬಂದಾಗ ಮಾವ ಅಲ್ಲೇ ಕೂತಿದ್ದರು, ಕಾಲು ಮತ್ತೆ ಬ್ರೇಕಿನ ಮೇಲೆ.

"ನಿಂತೈತಲ್ಲ ಮಾಮಾ, ಇಳಿ," ಎಂದ.

"ಅವತ್ತೂ ಮೊದ್ಲು ಇಂಗೇ ನಿಂತಿತ್ತು ಕಣಪ್ಪಾ," ಎಂದರು ಮಾವ.