ಎರಡು ಇಂಚು ತಗ್ಗಿದ ಕಾರು

ಇವತ್ತು ಬೆಳಿಗ್ಗೆ ಎದುರು ಮನೆಯವರು ಒಣಗಿದ ಕಸಕ್ಕೆ ಬೆಂಕಿ ಹಚ್ಚಿದ್ದರು. ಕಿಟಕಿಯಿಂದ ಹೊಗೆ ಬಂದದ್ದೇ ತಡ, ನನ್ನ ಬಲಗಾಲು ಬ್ರೇಕ್ ಹಾಕುವಂತೆ ನೆಲವನ್ನು ಒತ್ತಿತು. ನಗಬೇಡಿ. ಕಾರು ಮಾರಿ ಎಷ್ಟೋ ವರ್ಷಗಳಾದರೂ ಕಾಲಿಗೆ ಆ ಸುದ್ದಿ ಮುಟ್ಟಿಲ್ಲ.

ತೊಂಬತ್ತರ ದಶಕದ ನಡುವೆ, ಸಿಂಧನೂರಿನಲ್ಲಿ ಪಾಠ ಹೇಳುತ್ತಿದ್ದಾಗ, ಗೊರೇಬಾಳದ ಭತ್ತದ ವ್ಯಾಪಾರಿಯೊಬ್ಬರಿಂದ ಅವರು ಓಡಿಸಿ ಬಿಟ್ಟ ಸಣ್ಣ ಕೆಂಪು ಕಾರೊಂದನ್ನು ಕೊಂಡೆ. ಸುಮ್ಮನೆ ಓಡಿಸಿದ್ದರೆ ಆಗುತ್ತಿತ್ತು. ನಾನು ಅದನ್ನು ರೇಸಿನ ಕಾರು ಮಾಡಲು ಹೊರಟೆ. ಅಗಲದ ಟೈರು ಬಂದವು. ಸೈಲೆನ್ಸರ್ ಹೋಗಿ ಗುಡುಗುವ ನೇರ ಪೈಪು ಬಂತು. ಕೊನೆಗೆ, ತಿರುವಿನಲ್ಲಿ ವಾಲಬಾರದೆಂದು ಸ್ಪ್ರಿಂಗ್ ಕತ್ತರಿಸಿ ಎರಡು ಇಂಚು ತಗ್ಗಿಸಲು ಮೆಕ್ಯಾನಿಕ್ ಮೆಹಬೂಬನಿಗೆ ಹೇಳಿದೆ. ನಾನು ದಿನವೂ ಓಡಾಡುವ ದಾರಿಯಲ್ಲಿ ಹೇಳಿಕೊಳ್ಳುವಂಥ ತಿರುವೇ ಇಲ್ಲವೆಂಬುದು ಆಮೇಲೆ ಹೊಳೆಯಿತು.

"ಸರ್, ಗಾಡಿ ಹೊಟ್ಟಿ ನೆಲಕ್ಕ ತಿಕ್ಕತೈತ್ರಿ."

"ನೀ ಕಡಿ ಮಾರಾಯ."

"ಕಡೀತೀನಿ. ಕಡದದ್ದು ಮತ್ತ ಬೆಳೆಯಂಗಿಲ್ಲ ನೋಡ್ರಿ, ಕೂದಲಲ್ಲ ಅದು."

ಆ ಚಳಿಗಾಲದಲ್ಲಿ ನನ್ನ ಹೆಂಡತಿ ಶಾಂತಾಳಿಗೆ ಶಾಲೆಯ ನೌಕರಿಗೆ ಕರೆ ಬಂತು. ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆಯೊಳಗೆ ಲಿಂಗಸುಗೂರಿನ ಕಚೇರಿಯಲ್ಲಿ ಮೂಲ ಪ್ರಮಾಣಪತ್ರಗಳನ್ನು ತೋರಿಸಬೇಕು. ಅದೇ ಕೊನೆಯ ದಿನ.

"ಬಸ್ಸಿಗೆ ಹೋಗೂಣ್ರಿ," ಎಂದಳು.

"ಬಸ್ಸು ಮಸ್ಕಿ ಮುಟ್ಟೂದ್ರಾಗ ನಾವು ಲಿಂಗಸುಗೂರಿನಾಗ ಚಹಾ ಕುಡೀತಿರ್ತೀವಿ."

ಮಸ್ಕಿ ದಾಟಿದ ಮೇಲೆ ರಸ್ತೆಯ ತುಂಬ ಕಡಲೆ ಗಿಡ ಹರವಿದ್ದರು. ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ಲಾರಿ, ಬಸ್ಸುಗಳು ಮೇಲೆ ಹಾಯ್ದರೆ ಕಾಳು ಉದುರುತ್ತದೆ. ಬದಿಗೆ ಸರಿದು ಹೋದರೆ ಜನ ಮುನಿಸಿಕೊಳ್ಳುತ್ತಾರೆ. ಒಬ್ಬ ಮುದುಕಿ ಕೈ ಬೀಸಿದಳು: "ಹಾಯ್ಸಪಾ, ಮ್ಯಾಲೆ ಹಾಯ್ಸು!"

ಹಾಯಿಸಿದೆ. ಕಾರಿನ ಕೆಳಗೆ ಗಿಡ ಗರಗರ ಉಜ್ಜುವ ಸದ್ದು. ಸ್ವಲ್ಪ ದೂರದಲ್ಲಿ ಗಾಡಿ ಗಿಡದ ರಾಶಿಯನ್ನೇ ಎಳೆಯುವಂತೆ ಭಾರವಾಯಿತು. ಆಮೇಲೆ ಸುಟ್ಟ ವಾಸನೆ. ಶಾಂತಾ ಮೂಗಿಗೆ ಸೆರಗು ಹಿಡಿದು, "ಏನ್ರೀ ಇದು?" ಎಂದಳು. ಬ್ರೇಕ್ ಹಾಕಿದೆ. ಕಾದ ಪೈಪಿಗೆ ಸುತ್ತಿಕೊಂಡ ಒಣ ಗಿಡ ಹೊತ್ತಿಕೊಂಡಿತ್ತು, ಕೆಳಗೆ ಹಾಸಿದ್ದಕ್ಕೂ ಕಿಡಿ ಬಿದ್ದಿತ್ತು. ಪೆಟ್ರೋಲ್ ಟ್ಯಾಂಕು ಅಲ್ಲಿಂದ ಒಂದು ಮೊಳ ದೂರ.

ಜನ ಓಡಿ ಬಂದರು. ಕಾರನ್ನು ದಬ್ಬಿದರು, ಮಣ್ಣು ಎರಚಿದರು, ಕುಡಿಯಲು ತಂದ ಕೊಡದ ನೀರನ್ನೂ ಸುರಿದರು. ಬೆಂಕಿ ಆರಿದ ಮೇಲೆ ಒಬ್ಬ ಬಗ್ಗಿ ನೋಡಿ ಕೇಳಿದ: "ಇಷ್ಟ್ ಗಿಡ್ಡ ಗಾಡಿ ಹೆಂಗ ಹುಟ್ಟಿತ್ರೀ ಸಾಹೇಬ್ರ?"

"ಹುಟ್ಟಿಲ್ಲಪಾ, ನಾನs ಮಾಡಿಸೀನಿ."

ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂತು. ಶಾಂತಾ ಪ್ರಮಾಣಪತ್ರಗಳ ಚೀಲವನ್ನು ಎದೆಗವಚಿಕೊಂಡು ಹತ್ತಿದಳು, ತಿರುಗಿ ನೋಡಲಿಲ್ಲ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಕಚೇರಿ ಮುಟ್ಟಿದಳು. ನೌಕರಿ ಸಿಕ್ಕಿತು.

ಆ ದಿನದ ಡೈರಿಯಲ್ಲಿ ಹೀಗೆ ಬರೆದಿದ್ದೇನೆ: 'ಹೊಗೆ ಕಂಡ ಕೂಡಲೇ ನಾನು ಶಾಂತಾಳನ್ನು ಕೆಳಗಿಳಿಸಿದೆ.' ಅಕ್ಷರ ದುಂಡಗಿದೆ. ಆದರೆ ನನಗೆ ನೆನಪಿರುವುದು ಪೈಪಿನ ಕೆಳಗಿನ ಬೆಂಕಿ ಮಾತ್ರ. ಅವಳು ಇಳಿದದ್ದು ಕಣ್ಣಿಗೆ ಬರುವುದೇ ಇಲ್ಲ. ಇಷ್ಟು ವರ್ಷ ಕೇಳಲು ಧೈರ್ಯವಾಗಿರಲಿಲ್ಲ. ಇವತ್ತು ಕೇಳಿದೆ.

"ಅವತ್ತು ನಿನ್ನ ಇಳಿಸಿದಾಂವ ನಾನs ಹೌದಿಲ್ಲ?"

ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. "ನೀವು ಕಾರಿನ ಬುಡಕ ಬಗ್ಗಿ ನೋಡಾಕತ್ತಿದ್ರಿ. ನನಗೇನ್ ಗೊತ್ತು, ಒಳಗs ಕುಂತಿದ್ನಿ. ಆ ಮುದುಕಿ ಬಾಗಿಲ ತಗದು, 'ಇಳೀಬೇ ಹುಚ್ಚಿ' ಅಂತ ರಟ್ಟಿ ಹಿಡದು ಎಳದ್ಳು. ಚೀಲಾನೂ ಆಕೀನs ತಗದ್ಳು."

"ಆಕಿ ಕಡ್ಲಿ ಸುಡಾಕತ್ತಿತ್ತಲ್ಲ?"

"ಹೂಂ. ಅದನ್ನ ಬಿಟ್ಟs ಬಂದಿದ್ಳು."

ಡೈರಿ ತೆಗೆದು ಆ ಸಾಲಿನ 'ನಾನು' ಹೊಡೆದು ಹಾಕಿದೆ. ಅಲ್ಲಿ ಬರೆಯಬೇಕಾದ ಹೆಸರನ್ನು ನಾವಿಬ್ಬರೂ ಅವತ್ತು ಕೇಳಿರಲಿಲ್ಲ.